ಗುಲ್ಮಣ್ಣನ ಒಪ್ಪಿಗೆ

ಅವನ ನಿಜವಾದ ಹೆಸರು ಆಸ್ಪತ್ರೆಯ ಮೆಡಿಸಿನ್ ವಿಭಾಗದಲ್ಲಿ ಯಾರಿಗೂ ಬೇಕಿರಲಿಲ್ಲ. ಡಾಕ್ಟರುಗಳಿಂದ ಹಿಡಿದು ನೆಲ ಒರೆಸುವ ಹೆಂಗಸಿನವರೆಗೆ ಎಲ್ಲರಿಗೂ ಅವನು ಗುಲ್ಮಣ್ಣ. ಗುಲ್ಮ ಎಂದರೆ ಹೊಟ್ಟೆಯ ಎಡಗಡೆ, ಪಕ್ಕೆಲುಬುಗಳ ಮರೆಯಲ್ಲಿ, ಇದ್ದೂ ಇಲ್ಲದಂತೆ ಇರುವ ಒಂದು ಅಂಗ. ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ, ಅದರ ಪಾಡಿಗೆ ಅದು ಇದೆ. ಗುಲ್ಮಣ್ಣನದು ಮಾತ್ರ ಹಾಗೆ ತೆಪ್ಪಗೆ ಕೂರಲಿಲ್ಲ. ವರ್ಷದಿಂದ ವರ್ಷಕ್ಕೆ ಬೆಳೆದು, ಪಕ್ಕೆ ದಾಟಿ, ಹೊಕ್ಕುಳಿನ ತನಕ ಬಂದಿತ್ತು. ಮೈಯಲ್ಲಿ ಕರಗಬೇಕಾದ ಒಂದು ಬಗೆಯ ಜಿಡ್ಡು ಕರಗದೆ ಅಲ್ಲಿ ಶೇಖರವಾಗುವ ಕಾಯಿಲೆ ಅದು. ವಂಶದಲ್ಲಿ ಬರುವಂಥದ್ದು, ಬಲು ಅಪರೂಪದ್ದು, ಔಷಧಿ ಇಲ್ಲದ್ದು.

ಕಸುಬಿನಲ್ಲಿ ಅವನು ಫೋಟೋಗಳಿಗೆ ಕಟ್ಟು ಹಾಕುವವನು. ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ, ಔಷಧಿ ಅಂಗಡಿಗಳ ಸಾಲು ಮುಗಿಯುವ ಕಡೆ ಅವನ ಅಂಗಡಿ. ಮದುವೆಯ ಫೋಟೋ, ಸತ್ತವರ ಫೋಟೋ, ಮಕ್ಕಳ ಬಹುಮಾನದ ಸರ್ಟಿಫಿಕೇಟು, ಏನು ತಂದುಕೊಟ್ಟರೂ ಅಳತೆ ನೋಡಿ, ಪಟ್ಟಿ ಕೊಯ್ದು, ಗಾಜು ಕೂರಿಸಿ, ಹಿಂದೆ ರಟ್ಟು ಹೊಡೆದು ಕೊಡುತ್ತಿದ್ದ. ಅಂಗಡಿಯಲ್ಲಿ ಕೂತಾಗ ಅವನು ಎಲ್ಲರಂಥ ಮನುಷ್ಯ. ಗಿರಾಕಿಗಳು ಚೌಕಾಸಿ ಮಾಡುವರು, ಹೇಳಿದ ದಿನಕ್ಕೆ ಆಗದಿದ್ದರೆ ರೇಗುವರು. ಅಲ್ಲಿಂದ ಎದ್ದು ರಸ್ತೆ ದಾಟಿ ಮೆಡಿಸಿನ್ ವಿಭಾಗದ ಮೆಟ್ಟಿಲು ಹತ್ತಿದನೆಂದರೆ ಅವನ ಗತ್ತೇ ಬೇರೆ. ಹೊರರೋಗಿಗಳ ಸಾಲಿನಲ್ಲಿ ಅವನು ನಿಂತವನೇ ಅಲ್ಲ. ಕಾವಲುಗಾರ ತಾನಾಗಿ ಬಾಗಿಲು ಬಿಡುವನು, ನರ್ಸು ಕುರ್ಚಿ ಎಳೆದು ಕೊಡುವಳು. ತನ್ನ ಕಾಯಿಲೆಯ ಮೇಲೆ ಇಷ್ಟು ಹೆಮ್ಮೆ ಇಟ್ಟುಕೊಂಡ ಇನ್ನೊಬ್ಬ ಮನುಷ್ಯನನ್ನು ಹುಡುಕಿದರೂ ಸಿಗುವುದು ಕಷ್ಟ.

ಈ ಗತ್ತಿಗೆ ಕಾರಣ ಪರೀಕ್ಷೆ. ಡಾಕ್ಟರಾಗುವವರ ಕೊನೆಯ ಪರೀಕ್ಷೆಗೆ ಪುಸ್ತಕ ಓದಿದರೆ ಸಾಲದು, ಜೀವಂತ ರೋಗಿಯೊಬ್ಬ ಬೇಕು. ಅವನನ್ನು ಮಂಚದ ಮೇಲೆ ಮಲಗಿಸುತ್ತಾರೆ. ವಿದ್ಯಾರ್ಥಿ ಮುಟ್ಟಿ, ತಟ್ಟಿ, ಕಿವಿಗೊಟ್ಟು, ಒಳಗೇನಾಗಿದೆ ಎಂದು ಪರೀಕ್ಷಕರಿಗೆ ಹೇಳಬೇಕು. ಗುಲ್ಮಣ್ಣನಂಥ ಹೊಟ್ಟೆ ಊರಲ್ಲೆಲ್ಲೂ ಇರಲಿಲ್ಲವಾದ್ದರಿಂದ ಪ್ರತಿ ವರ್ಷವೂ ಅವನಿಗೆ ಕರೆ ಬರುತ್ತಿತ್ತು. ಅವತ್ತು ಅಂಗಡಿ ಮುಚ್ಚಿ, ಒಗೆದ ಅಂಗಿ ತೊಟ್ಟು, ಮದುವೆಗೆ ಹೊರಟವನಂತೆ ಹೊರಡುತ್ತಿದ್ದ. ವಿದ್ಯಾರ್ಥಿಗಳ ಮೇಲೆ ಅವನಿಗೆ ಕರುಣೆ ಜಾಸ್ತಿ. ಯಾರಾದರೂ ತೀರಾ ತಡಕಾಡಿದರೆ ಮೆಲ್ಲನೆ ಉಸಿರು ಎಳೆದುಕೊಳ್ಳುವನು. ಗುಲ್ಮದ ಅಂಚು ತಾನಾಗಿ ಕೆಳಗಿಳಿದು ಬಂದು ಬೆರಳಿಗೆ ತಗಲುವುದು.

ಬಹಳ ವರ್ಷಗಳ ಹಿಂದೆ ಹಾಗೆ ತಡಕಾಡಿದವನೊಬ್ಬನಿದ್ದ. ಸಣಕಲು ಹುಡುಗ, ಅಂಗೈ ತುಂಬ ಬೆವರು, ಕೇಳಿದ್ದಕ್ಕೆಲ್ಲ ತೊದಲು. ಹೊಟ್ಟೆಯ ಬಲಗಡೆ ಕೈಯಿಟ್ಟು ಎಡಗಡೆಯದನ್ನು ಹುಡುಕುತ್ತಿದ್ದ. ಗುಲ್ಮಣ್ಣ ಕೆಮ್ಮಿದ, ಎಡಕ್ಕೆ ಹೊರಳಿದ, ಕೊನೆಗೆ ನೋವಾದವನಂತೆ ನಟಿಸಿ ಅವನ ಕೈ ಹಿಡಿದು ಸರಿಯಾದ ಜಾಗಕ್ಕೆ ತಂದ. ಹುಡುಗ ಪಾಸಾದ. ಸಂಜೆ ಅಂಗಡಿಗೆ ಬಂದು ಬಾಗಿಲಲ್ಲಿ ನಿಂತು ಅತ್ತೇಬಿಟ್ಟ. ಆ ಹುಡುಗನ ಪದವಿಯ ಹಾಳೆಗೆ ಕಟ್ಟು ಹಾಕಿದವನೂ ಗುಲ್ಮಣ್ಣನೇ. ಮುಂದೆ ಆ ಹುಡುಗ ಅಲ್ಲೇ ಮೇಷ್ಟರಾಗಿ, ಮೈ ಕೈ ತುಂಬಿಕೊಂಡು, ಕನ್ನಡಕ ಏರಿಸಿ, ವಿಭಾಗಕ್ಕೇ ಮುಖ್ಯಸ್ಥರಾದರು. ಎಲ್ಲರೂ ದೊಡ್ಡ ಡಾಕ್ಟರು ಎಂದರು, ಗುಲ್ಮಣ್ಣನೂ ಅಂದ. ಆದರೆ ದೊಡ್ಡವರಾದ ಮೇಲೂ ಅವರು ಹಳೆಯದನ್ನು ಮರೆಯಲಿಲ್ಲ. ಪಾಠದ ಕೋಣೆಯಲ್ಲಿ, ವಿದ್ಯಾರ್ಥಿಗಳ ಎದುರು, ನನ್ನನ್ನು ಡಾಕ್ಟರ್ ಮಾಡಿದ್ದು ಈ ಹೊಟ್ಟೆ ಎಂದು ಅವನ ಹೊಟ್ಟೆ ತಟ್ಟಿ ಹೇಳುತ್ತಿದ್ದರು. ಗುಲ್ಮಣ್ಣ ಮನೆಗೆ ಬಂದು ಅದನ್ನು ಊಟದ ಹೊತ್ತಿಗೆಲ್ಲ ಹೇಳುತ್ತಿದ್ದ.

ಹೆಂಡತಿಗೆ ಮಾತ್ರ ಈ ಸಂಭ್ರಮ ಹಿಡಿಸುತ್ತಿರಲಿಲ್ಲ. ಅವಳು ಮೂಗು ಮುರಿದು, "ರೀ, ಅವರು ತಟ್ಟೋದು ನಿಮ್ಮ ಹೊಟ್ಟೆ. ಬೆನ್ನು ತಟ್ಟಿದಾಗ ಬಂದು ಹೇಳಿ" ಅನ್ನುತ್ತಿದ್ದಳು. ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹೆಂಗಸರಿಗೆ ಸಂಶೋಧನೆಯ ಬೆಲೆ ತಿಳಿಯುವುದಿಲ್ಲ ಅನ್ನುವುದು ಅವನ ಗಟ್ಟಿ ಅಭಿಪ್ರಾಯ. ಅವನಿಗೆ ಎಷ್ಟು ತಿಳಿದಿತ್ತು ಅನ್ನುವುದು ಮುಂದೆ ಬರುತ್ತದೆ.

ದೊಡ್ಡ ಡಾಕ್ಟರು ಈ ಕಾಯಿಲೆಯ ಮೇಲೆಯೇ ಒಂದು ಅಧ್ಯಯನ ಶುರು ಮಾಡಿದ್ದರು. ಇದನ್ನು ಅದರ ಪಾಡಿಗೆ ಬಿಟ್ಟರೆ ಯಾವ ದಾರಿ ಹಿಡಿಯುತ್ತದೆ, ಯಾವ ವಯಸ್ಸಿಗೆ ಮೂಳೆಗೆ ಇಳಿಯುತ್ತದೆ, ಯಾರಲ್ಲಿ ಬೇಗ, ಯಾರಲ್ಲಿ ನಿಧಾನ ಎಂದು ವರ್ಷಗಟ್ಟಲೆ ನೋಡುತ್ತಾ ಹೋಗುವುದು. ನೋಡುವುದು, ಅಷ್ಟೇ. ಅದಕ್ಕೆ ಮೊದಲು ಸೇರಿದವನು ಗುಲ್ಮಣ್ಣ. ವರ್ಷಕ್ಕೆರಡು ಸಲ ರಕ್ತ ತೆಗೆಯುವರು, ಟೇಪು ಹಿಡಿದು ಹೊಟ್ಟೆ ಅಳೆಯುವರು, ಸ್ಕ್ಯಾನಿಗೆ ಕಳಿಸುವರು. ಹೊರಡುವಾಗ ಕೈಗೆ ಮಾತ್ರೆಯ ಪೊಟ್ಟಣ ಬರುತ್ತಿತ್ತು. ರಸ್ತೆಯವರೆಲ್ಲ ಕೇಳಿದರೆ ಅವನು, ದೊಡ್ಡ ಡಾಕ್ಟರ ಕೈಕೆಳಗೆ ಸ್ಪೆಷಲ್ ಟ್ರೀಟ್‌ಮೆಂಟು ನಡೀತಿದೆ ಅನ್ನುತ್ತಿದ್ದ. ಟ್ರೀಟ್‌ಮೆಂಟು ಅನ್ನುವ ಮಾತನ್ನು ದೊಡ್ಡ ಡಾಕ್ಟರ ಎದುರೂ ಅವನು ಎಷ್ಟೋ ಸಲ ಆಡಿದ್ದಾನೆ. ಅವರು ನಕ್ಕು ಸುಮ್ಮನಾಗಿದ್ದಾರೆ.

ಗುಲ್ಮಣ್ಣನಿಗೆ ಒಬ್ಬಳೇ ಮಗಳು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಅವಳಿಗೆ ಪದೇ ಪದೇ ಮೂಗಿನಿಂದ ರಕ್ತ ಬರತೊಡಗಿತು, ಮುಟ್ಟಿದಲ್ಲೆಲ್ಲ ಚರ್ಮ ಕಪ್ಪುಗಟ್ಟಿತು. ದೊಡ್ಡ ಡಾಕ್ಟರು ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ತೆಗೆಯಲೇ ಇಲ್ಲ. ಹೆಂಡತಿಯ ರಕ್ತದಲ್ಲೂ ಅದೇ ಕಾಯಿಲೆಯ ಬೀಜ ಅಡಗಿತ್ತಂತೆ. ಲಕ್ಷಕ್ಕೊಂದು ಕಡೆಯೂ ಹೀಗೆ ಗಂಡ ಹೆಂಡತಿ ಕೂಡಿ ಬರುವುದಿಲ್ಲವಂತೆ. ಹೆಂಡತಿ ಅಲ್ಲೇ ಗೋಡೆಗೊರಗಿ ಅತ್ತಳು. ಗುಲ್ಮಣ್ಣನೂ ಅತ್ತ. ಆದರೆ ಅವನಿಗೊಂದು ಧೈರ್ಯವಿತ್ತು. ದೊಡ್ಡ ಡಾಕ್ಟರು ಅವನ ಭುಜದ ಮೇಲೆ ಕೈಯಿಟ್ಟು, "ಯೋಚನೆ ಮಾಡಬೇಡಿ ಗುಲ್ಮಣ್ಣ. ಇವಳು ನನ್ನ ಕಣ್ಣೆದುರಿಗೇ ಇರಲಿ. ಔಷಧಿ ಅಂತ ಒಂದು ಬಂದ ದಿನ ಇವಳೇ ಮೊದಲು" ಎಂದಿದ್ದರು. ಮಗಳನ್ನೂ ಅಧ್ಯಯನಕ್ಕೆ ಸೇರಿಸಿ ಅಪ್ಪ ಸಹಿ ಹಾಕಿದ. ಬಸ್ಸಿನ ಸೀಟಿಗೆ ಕರವಸ್ತ್ರ ಹಾಕಿ ಜಾಗ ಹಿಡಿಯುತ್ತಾರಲ್ಲ, ಹಾಗೆ ಮಗಳಿಗೆ ಜಾಗ ಹಿಡಿದೆ ಅಂದುಕೊಂಡ. ಇಡೀ ಕಥೆಯಲ್ಲಿ ಅವನು ಮಾಡಿದ ತಪ್ಪು ಇದೊಂದೇ. ಆದರೆ ಅದನ್ನು ಎರಡು ಸಲ ಮಾಡಿದ.

ಎರಡನೇ ಸಲ ಮಗಳು ವಯಸ್ಸಿಗೆ ಬಂದಾಗ. ಇನ್ನು ಮೇಲೆ ಅಪ್ಪನ ಸಹಿ ಸಾಲದು, ಅವಳದೇ ಬೇಕು ಎಂದರು. ಪುಟಗಟ್ಟಲೆ ಕಾಗದ ಎದುರಿಗಿತ್ತು. ಇದರಲ್ಲಿ ಏನಿದೆ ಅಪ್ಪ, ಓದಿ ಆಮೇಲೆ ಹಾಕಲಾ ಎಂದು ಅವಳು ಕೇಳಿದಳು. ದೊಡ್ಡ ಡಾಕ್ಟರು ಎದುರಿಗೇ ಕೂತಿದ್ದರು. ಅವರ ಮುಂದೆ ಹೀಗೆ ಅನುಮಾನ ಪಡುವುದೆಂದರೆ ಗುಲ್ಮಣ್ಣನಿಗೆ ಮುಖಕ್ಕೆ ಹೊಡೆದಂತಾಯಿತು. ನಮ್ಮ ಡಾಕ್ಟರದ್ದಲ್ವೇನಮ್ಮ, ಹಾಕು ಎಂದು ಅವನೇ ಬೆರಳಿಟ್ಟು ಜಾಗ ತೋರಿಸಿದ. ಅವಳು ಹಾಕಿದಳು.

ಅಪ್ಪನ ಮೈಯಲ್ಲಿ ಒಂದಿಷ್ಟು ಮರ್ಯಾದೆಯಿಂದ ನಡೆದುಕೊಂಡ ಕಾಯಿಲೆ ಮಗಳ ಮೈಯಲ್ಲಿ ಹಾಗೆ ನಡೆದುಕೊಳ್ಳಲಿಲ್ಲ. ಅವಳು ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಗಿರಾಕಿಗಳಿಗೆ ಫ್ರೇಮು ತೊಡಿಸಿ ಕನ್ನಡಿ ಹಿಡಿಯುವುದು, ದಿನವಿಡೀ ನಿಂತಿರುವ ಕೆಲಸ. ಮೊದಲು ಸೊಂಟದ ಒಂದು ಕಡೆ ನೋವು ಬಂತು. ಆಮೇಲೆ ಕುಂಟು ಬಂತು. ಮೂಳೆಯೊಳಗೇ ಜಿಡ್ಡು ತುಂಬುತ್ತಿದೆ, ಹೀಗೇ ಬಿಟ್ಟರೆ ಸೊಂಟದ ಕೀಲು ಕುಸಿಯುತ್ತದೆ ಎಂದು ಸ್ಕ್ಯಾನ್ ನೋಡಿದವರು ಹೇಳಿದರು. ಅಂಗಡಿಯ ಯಜಮಾನ ಒಳ್ಳೆಯವನು, ಒಂದು ಸ್ಟೂಲು ಹಾಕಿಕೊಟ್ಟ. ಇಪ್ಪತ್ತರ ಹರೆಯದಲ್ಲಿ ಸ್ಟೂಲಿನ ಮೇಲೆ ಕೂತು ಗಿರಾಕಿಗಳನ್ನು ತಲೆಯೆತ್ತಿ ನೋಡುವುದು ಅವಳಿಗೆ ಎಷ್ಟು ಕಷ್ಟವಾಗುತ್ತಿತ್ತೆಂದು ಅವಳು ಯಾರಿಗೂ ಹೇಳಲಿಲ್ಲ. ತಾಯಿಗೆ ಗೊತ್ತಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ಔಷಧಿಯ ಸುದ್ದಿ ಬಂತು. ವಿಭಾಗಕ್ಕೆ ಹೊಸದಾಗಿ ಒಬ್ಬ ಡಾಕ್ಟರಮ್ಮ ಬಂದಿದ್ದರು. ಜಿಡ್ಡು ಶೇಖರವಾಗುವುದನ್ನೇ ತಡೆಯುವ ಹೊಸ ಕ್ಯಾಪ್ಸೂಲೊಂದನ್ನು ಕೆಲವೇ ರೋಗಿಗಳ ಮೇಲೆ ಪರೀಕ್ಷೆ ಮಾಡುವ ಕೆಲಸ ಅವರ ಪಾಲಿಗೆ ಬಂದಿತ್ತು. ವಯಸ್ಸು ಮೀರಿದ್ದರಿಂದ ಗುಲ್ಮಣ್ಣನನ್ನು ತೆಗೆದುಕೊಳ್ಳುವಂತಿರಲಿಲ್ಲ. ಅದಕ್ಕೆ ಅವನು ಒಂದು ಚೂರೂ ಬೇಸರ ಮಾಡಿಕೊಳ್ಳಲಿಲ್ಲ. ಮಗಳಿದ್ದಾಳಲ್ಲ. ಅಂಗಡಿಗೆ ಬಂದ ಗಿರಾಕಿಗಳಿಗೂ ಹೇಳಿದ, ಪಕ್ಕದ ಔಷಧಿ ಅಂಗಡಿಯವನಿಗೂ ಹೇಳಿದ. ಹೆಂಡತಿ ಹೋಗಿ ವಿಚಾರಿಸಿಕೊಂಡು ಬನ್ನಿ ಎಂದು ಪೀಡಿಸಿದರೆ, ನಮ್ಮನ್ನು ಅವರೇ ಕರೆಯುತ್ತಾರೆ, ನಾವಾಗಿ ಹೋಗಿ ಹಲ್ಲು ಗಿಂಜಬಾರದು ಅಂದ. ಕರೆ ಬರಲಿಲ್ಲ. ದೊಡ್ಡ ಡಾಕ್ಟರು ಒಮ್ಮೆ ಕಾರಿಡಾರಿನಲ್ಲಿ ಸಿಕ್ಕಾಗ ಕೇಳಿಯೇಬಿಟ್ಟ. ನೋಡೋಣ, ಅವಸರ ಬೇಡ ಎಂದು ಅವರು ಭುಜ ತಟ್ಟಿ ಹೋದರು. ಅವನು ಆ ತಟ್ಟುವಿಕೆಯನ್ನೇ ನಂಬಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ತಿಂಗಳುಗಳು ಹೋದವು.

ಕಾಯುವುದರಲ್ಲಿ ಮಗಳಿಗೆ ಅಪ್ಪನಷ್ಟು ನಂಬಿಕೆ ಇರಲಿಲ್ಲ. ಒಂದು ಮಧ್ಯಾಹ್ನ ಕೆಲಸಕ್ಕೆ ರಜೆ ಹಾಕಿ, ಯಾರಿಗೂ ಹೇಳದೆ, ಅವಳೇ ಡಾಕ್ಟರಮ್ಮನ ಕೋಣೆಗೆ ಹೋದಳು. ಡಾಕ್ಟರಮ್ಮ ಅವಳನ್ನು ಕೂರಿಸಿ, ನೀರು ಕೊಟ್ಟು, ಒಳ್ಳೆಯ ಮಾತಿನಲ್ಲೇ ವಿಷಯ ಹೇಳಿದರು. ಒಂದು ಅಧ್ಯಯನದಲ್ಲಿ ಇರುವವರನ್ನು ಇನ್ನೊಂದಕ್ಕೆ ಸೇರಿಸುವಂತಿಲ್ಲ. ಒಂದೇ ಪಾತ್ರೆಗೆ ಇಬ್ಬರು ಉಪ್ಪು ಹಾಕಿದರೆ ಯಾರದು ಎಷ್ಟು ಎಂದು ಯಾರಿಗೂ ತಿಳಿಯುವುದಿಲ್ಲವಲ್ಲ, ಅದಕ್ಕೆ. ಮೊದಲಿನದರಿಂದ ಬಿಡುಗಡೆಯಾಗಿ, ಕೆಲವು ತಿಂಗಳು ಕಳೆದ ಮೇಲಷ್ಟೇ ಹೊಸದಕ್ಕೆ ಸೇರಬಹುದು. ಕ್ಯಾಪ್ಸೂಲು ಬರುವುದಕ್ಕೆ ಬಹಳ ಮುಂಚೆಯೇ, ಈ ಹುಡುಗಿಯನ್ನು ಬಿಟ್ಟುಕೊಡಿ ಎಂದು ಡಾಕ್ಟರಮ್ಮ ದೊಡ್ಡ ಡಾಕ್ಟರನ್ನು ಕೇಳಿದ್ದರಂತೆ.

"ನಿಮ್ಮ ತಂದೆಯನ್ನ ಕೇಳಿದೀನಿ, ಅವರಿಗೆ ಇಷ್ಟ ಇಲ್ಲ, ಮಗಳು ನಮ್ಮಲ್ಲೇ ಇರಲಿ ಅಂದ್ರು ಅಂತ ಸರ್ ಹೇಳಿದ್ರು," ಅಂದರು ಡಾಕ್ಟರಮ್ಮ. "ನಿಮಗೆ ಗೊತ್ತಿರುತ್ತೆ ಅಂದುಕೊಂಡಿದ್ದೆ."

ಈಗ ಜಾಗಗಳು ಭರ್ತಿಯಾಗಿದ್ದವು. ಮೊದಲ ರೋಗಿಗಳು ಆಗಲೇ ಕ್ಯಾಪ್ಸೂಲು ನುಂಗಲು ಶುರು ಮಾಡಿದ್ದರು.

ಮಗಳು ಮನೆಗೆ ಹೋಗಲಿಲ್ಲ, ಸೀದಾ ಅಪ್ಪನ ಅಂಗಡಿಗೆ ಬಂದಳು. ಗುಲ್ಮಣ್ಣ ಗಾಜು ಕೊಯ್ಯುತ್ತಿದ್ದ. ಅವಳು ಕುಂಟುತ್ತಾ ಒಳಗೆ ಬಂದು, ಬ್ಯಾಗು ಇಳಿಸದೆ, ನೀನು ಬೇಡ ಅಂದೆಯಂತೆ ಹೌದಾ ಎಂದು ಕೇಳಿದಳು. ಅವನಿಗೆ ಮೊದಲು ಏನೆಂದು ತಿಳಿಯಲಿಲ್ಲ. ತಿಳಿದ ಮೇಲೆ, ನನ್ನನ್ನು ಯಾರೂ ಕೇಳೇ ಇಲ್ಲ, ನಿನ್ನಾಣೆ ಅಂದ. ಮಗಳು ಅವನ ಮುಖವನ್ನೇ ನೋಡಿದಳು. ನಂಬಬೇಕೆಂಬ ಆಸೆ ಅವಳಿಗಿತ್ತು. ಆದರೆ ಹುಟ್ಟಿದಾಗಿನಿಂದ ಅಪ್ಪ ದೊಡ್ಡ ಡಾಕ್ಟರಿಗೆ ಹೂಂ ಅಂದದ್ದನ್ನು ಬಿಟ್ಟು ಬೇರೆ ಏನನ್ನೂ ಅವಳು ಕೇಳಿರಲಿಲ್ಲ. ಮಗಳು ತನ್ನನ್ನು ನಂಬುತ್ತಿಲ್ಲ ಎಂದು ಗೊತ್ತಾದ ಆ ಗಳಿಗೆ ಗುಲ್ಮಣ್ಣನಿಗೆ ಆದ ಸಂಕಟ ಅಷ್ಟಿಷ್ಟಲ್ಲ. ಅರ್ಧ ಕೊಯ್ದ ಗಾಜನ್ನು ಹಾಗೇ ಬಿಟ್ಟು, ಚಪ್ಪಲಿ ಮೆಟ್ಟಿ, ಆಸ್ಪತ್ರೆಗೆ ಹೊರಟ. ಮಗಳು ಜೊತೆಗೆ ಬರಲಿಲ್ಲ.

ಯಾವಾಗಿನಂತೆ ಕಾವಲುಗಾರ ಬಾಗಿಲು ಬಿಟ್ಟ. ದೊಡ್ಡ ಡಾಕ್ಟರು ಯಾವುದೋ ಎಕ್ಸರೇ ಹಿಡಿದು ನೋಡುತ್ತಿದ್ದರು. ಬನ್ನಿ ಗುಲ್ಮಣ್ಣ ಎಂದು ನಕ್ಕರು. ಅವನು ಕೂರಲಿಲ್ಲ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಬೈಗುಳವೆಲ್ಲ ಆ ಮುಖ ಕಂಡದ್ದೇ ಮರೆತುಹೋಯಿತು.

"ಡಾಕ್ಟ್ರೇ, ನನಗೆ ಇಷ್ಟ ಇಲ್ಲ ಅಂತ ನಾನು ಯಾವಾಗ ಹೇಳಿದೆ?"

ದೊಡ್ಡ ಡಾಕ್ಟರು ಎಕ್ಸರೇ ಕೆಳಗಿಟ್ಟರು. ಸುಳ್ಳು ಹೇಳುವ ಪ್ರಯತ್ನವನ್ನೂ ಮಾಡಲಿಲ್ಲ. ಅದು ಅವರ ದೊಡ್ಡತನವೋ, ಇವನ ಎದುರು ಅಷ್ಟು ಶ್ರಮವೂ ಬೇಡವೆಂಬ ತಾತ್ಸಾರವೋ, ಯಾರಿಗೆ ಗೊತ್ತು. ಆ ಕ್ಯಾಪ್ಸೂಲು ಇನ್ನೂ ಹಸಿ, ಲಿವರಿಗೆ ಏನು ಮಾಡುತ್ತದೋ ಯಾರಿಗೂ ಗೊತ್ತಿಲ್ಲ, ಇನ್ನೊಬ್ಬರ ಮೇಲೆ ನೋಡಿಕೊಂಡು ಆಮೇಲೆ ನಮ್ಮ ಹುಡುಗಿಗೆ ಕೊಟ್ಟರಾಯಿತು ಎಂದು ತಮಗೆ ಅನ್ನಿಸಿತು ಎಂದರು. ಅದರಲ್ಲಿ ನಿಜವೂ ಇತ್ತು. ಗುಲ್ಮಣ್ಣ ಒಂದು ಕ್ಷಣ ಕರಗಿಯೂ ಹೋದ.

"ಹಾಗಿದ್ರೆ ನನ್ನ ಹತ್ರ ಹೇಳಬಹುದಿತ್ತಲ್ಲ."

"ಹೇಳಿದ್ರೆ ಏನಂತಿದ್ರಿ? ನೀವು ಹೇಗೆ ಹೇಳಿದ್ರೆ ಹಾಗೆ ಡಾಕ್ಟ್ರೇ ಅಂತಿದ್ರಿ. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ಬೇಡ ಅಂದಿದ್ದೀರಾ ಗುಲ್ಮಣ್ಣ? ನೀವು ಏನು ಹೇಳ್ತಿದ್ರೋ ಅದನ್ನೇ ನಾನು ಹೇಳಿದೆ."

ಅವನ ಮೌನವನ್ನು ಒಪ್ಪಿಗೆ ಎಂದೇ ತಿಳಿದರೋ ಏನೋ, ದೊಡ್ಡ ಡಾಕ್ಟರು ಕುರ್ಚಿ ಹತ್ತಿರಕ್ಕೆಳೆದುಕೊಂಡು ಮನಸ್ಸು ಬಿಚ್ಚಿ ಮಾತಾಡಿದರು. ಅವರ ಇಡೀ ಆಯುಷ್ಯದ ಕೆಲಸ ಈ ಅಧ್ಯಯನ. ಕಾಯಿಲೆ ಇರುವ ಅಪ್ಪ, ಅದೇ ಕಾಯಿಲೆ ಇರುವ ಮಗಳು, ಇಬ್ಬರನ್ನೂ ಇಷ್ಟು ವರ್ಷ ನೋಡಿದವರು ಯಾವ ದೇಶದಲ್ಲೂ ಇಲ್ಲ. ಇಂಥ ಜೋಡಿ ಮುರಿದರೆ ಉಳಿಯುವುದೇನು. "ಔಷಧಿ ಸೋಕದ ಅಪ್ಪ ಮಗಳು, ಗುಲ್ಮಣ್ಣ. ಇನ್ನೊಂದು ಸ್ವಲ್ಪ ವರ್ಷ ಅಷ್ಟೇ."

ಗುಲ್ಮಣ್ಣನಿಗೆ ಆ ಮಾತು ಅರ್ಥವಾಗಲಿಲ್ಲ. ಔಷಧಿ ಸೋಕದ ಅಂದರೆ ಏನು ಎಂದು ಕೇಳಿದ. ಇಷ್ಟು ವರ್ಷ ಪೊಟ್ಟಣದಲ್ಲಿ ಕೊಡುತ್ತಿದ್ದ ಮಾತ್ರೆ ಏನು ಎಂದು ಕೇಳಿದ.

"ಅದು ವಿಟಮಿನ್ನು. ನೋವಿದ್ರೆ ನೋವಿನ ಮಾತ್ರೆ," ಅಂದರು ದೊಡ್ಡ ಡಾಕ್ಟರು. ಅವರಿಗೆ ನಿಜಕ್ಕೂ ಆಶ್ಚರ್ಯವಾದಂತಿತ್ತು. "ಇದು ಬರೀ ನೋಡೋ ಅಧ್ಯಯನ ಅಂತ ಮೊದಲೇ ಕಾಗದದಲ್ಲಿ ಇತ್ತಲ್ಲ. ನಾನು ಯಾವತ್ತೂ ಟ್ರೀಟ್‌ಮೆಂಟು ಅಂದವನಲ್ಲ. ನೀವೇ ಅಂತಿದ್ರಿ."

ಹೌದು, ಅವನೇ ಅನ್ನುತ್ತಿದ್ದ. ಬೀದಿ ತುಂಬ ಅಂದುಕೊಂಡು ಬಂದಿದ್ದ. ಅವನು ತನ್ನನ್ನು ಆ ವಿಭಾಗದವನೇ ಎಂದು ತಿಳಿದಿದ್ದ; ಡಾಕ್ಟರಲ್ಲದಿದ್ದರೂ, ಅವರ ಪೈಕಿ ಒಬ್ಬ. ಅವರು ಅವನನ್ನು ನೋಡಿದ್ದು ಮಾತ್ರ ಹೊಕ್ಕುಳಿನ ಮೇಲೆ, ಪಕ್ಕೆಯ ಕೆಳಗೆ. ಮಗಳು ನೋವಿನಿಂದ ತುಟಿ ಕಚ್ಚಿಕೊಂಡು ಸ್ಕ್ಯಾನಿನ ಮಂಚ ಹತ್ತಿದಾಗಲೆಲ್ಲ, ಮೂಳೆ ಇಂತಿಷ್ಟು ಕೆಟ್ಟಿದೆ ಎಂದು ಗುರುತು ಹಾಕಿಕೊಂಡು ಕಳಿಸಿದ ಮನುಷ್ಯ ಇವರೇ. ಕೆಡುವುದನ್ನು ನೋಡುವುದೇ ಅವರ ಕೆಲಸವಾಗಿತ್ತು. ಇವನು ಅದನ್ನು ಕಾಪಾಡುವುದು ಅಂದುಕೊಂಡಿದ್ದ. ಕೈಗೆ ಸಿಕ್ಕಿದ್ದನ್ನು ಎತ್ತಿ ಒಗೆಯಬೇಕೆನ್ನಿಸಿತು, ಒಗೆಯಲಿಲ್ಲ. ನಮ್ಮಿಬ್ಬರನ್ನೂ ತೆಗೆದುಹಾಕಿ ಅಂದ. ದೊಡ್ಡ ಡಾಕ್ಟರು ಒಂದು ದಿನ ಯೋಚನೆ ಮಾಡಿ ಎಂದರು, ಎದ್ದು ಬಂದು ಭುಜಕ್ಕೆ ಕೈ ಹಾಕಲು ಹೋದರು. ಗುಲ್ಮಣ್ಣ ಒಂದು ಹೆಜ್ಜೆ ಹಿಂದೆ ಸರಿದ.

ಮನೆಗೆ ಬಂದು ಎಲ್ಲವನ್ನೂ ಹೇಳಿದ. ಮುಚ್ಚಿಡಬೇಕೆಂದು ಅನ್ನಿಸಲೇ ಇಲ್ಲ. ಅವರು ನನ್ನ ಹೆಸರಿನಲ್ಲಿ ಸುಳ್ಳು ಹೇಳಿದರು, ಬೆನ್ನಿಗೆ ಚೂರಿ ಹಾಕಿದರು, ನಂಬಿಸಿ ಕತ್ತು ಕೊಯ್ದರು ಎಂದು ಹಾಡಿಕೊಂಡು ಅತ್ತ. ನಾನು ಹೇಳಲಿಲ್ಲವಾ ಅನ್ನುವ ಹಕ್ಕು ಹೆಂಡತಿಗೆ ಎಲ್ಲರಿಗಿಂತ ಜಾಸ್ತಿ ಇತ್ತು. ಅವಳು ಅನ್ನಲಿಲ್ಲ. ಲೋಟದಲ್ಲಿ ನೀರು ತಂದು ಅವನ ಮುಂದಿಟ್ಟು ಒಳಗೆ ಹೋದಳು. ಮಗಳು ಕೇಳಿಸಿಕೊಂಡು ಕೂತಿದ್ದಳು. ಅಪ್ಪನ ಅಳು ಒಂದು ಹದಕ್ಕೆ ಬರುವವರೆಗೂ ಕಾದು, ಆಮೇಲೆ ಮಾತಾಡಿದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ, ಅದೇ ಕೆಟ್ಟದ್ದು.

"ಅವರು ನಿನ್ನ ಹೆಸರಲ್ಲಿ ಒಂದು ಸಲ ಹೇಳಿದ್ರು ಅಪ್ಪ. ನೀನು ನನ್ನ ಹೆಸರಲ್ಲಿ ಚಿಕ್ಕಂದಿನಿಂದ ಹೇಳ್ಕೊಂಡು ಬಂದಿದ್ದೀಯ. ಓದ್ತೀನಿ ಅಂದಾಗ ಓದೋಕೂ ಬಿಡಲಿಲ್ಲ."

ಅವನು ಜಾಗ ಹಿಡಿದ ಕಥೆ ಹೇಳಲು ಹೋದ. ಔಷಧಿ ಬಂದ ದಿನ ಇವಳೇ ಮೊದಲು ಎಂದು ದೊಡ್ಡ ಡಾಕ್ಟರು ಕೊಟ್ಟ ಮಾತು ನೆನಪಿಸಿದ. ಮಗಳು ಕೈಯೆತ್ತಿ ಸಾಕು ಅಂದಳು. ಡಾಕ್ಟರ ಮೇಲಿನ ಸಿಟ್ಟು ಅವಳಿಗೆ ಒಂದು ವಾರದಲ್ಲಿ ಆರಿರಬಹುದು, ಅವರು ಅವಳಿಗೆ ಹೊರಗಿನವರು. ಅಪ್ಪನೊಂದಿಗೆ ಅವಳು ಮೊದಲಿನಂತೆಯೇ ಮಾತಾಡುತ್ತಿದ್ದಳು. ಊಟಕ್ಕೆ ಬಾ, ಛತ್ರಿ ತಗೊಂಡು ಹೋಗು, ಎಲ್ಲ. ಮೈಯ ವಿಷಯ ಮಾತ್ರ ಎತ್ತುತ್ತಿರಲಿಲ್ಲ. ನೋವು ಜಾಸ್ತಿಯಾದಾಗ ತಾಯಿಯನ್ನು ಕರೆಯುತ್ತಿದ್ದಳು. ಅಪ್ಪ ಬಾಗಿಲಲ್ಲಿ ಬಂದು ನಿಂತರೆ, ಏನಿಲ್ಲ ಅಪ್ಪ, ನೀನು ಮಲಕ್ಕೋ ಅನ್ನುತ್ತಿದ್ದಳು.

ಪರೀಕ್ಷೆಯ ಕಾಲ ಬಂತು. ಗುಲ್ಮಣ್ಣನನ್ನು ಕರೆದುಕೊಂಡು ಬರಲು ವಿಭಾಗದ ಜವಾನ ಮನೆಗೇ ಬಂದ. ಗುಲ್ಮಣ್ಣ ಒಳಗೆ ಕೂತಿದ್ದ. ಹೆಂಡತಿ ಬಾಗಿಲಿಗೆ ಹೋಗಿ, ಇಲ್ಲಿ ಗುಲ್ಮಣ್ಣ ಅಂತ ಯಾರೂ ಇಲ್ಲ, ಫೋಟೋಗೆ ಕಟ್ಟು ಹಾಕುವವರೊಬ್ಬರಿದ್ದಾರೆ, ಕಟ್ಟು ಹಾಕಿಸುವುದಿದ್ದರೆ ಅಂಗಡಿಗೆ ಬನ್ನಿ ಎಂದು ಹೇಳಿ ಕಳಿಸಿದಳು. ಬೇರೆ ದಿನವಾಗಿದ್ದರೆ ಅವನು ಅವಳ ಮೇಲೆ ಹರಿಹಾಯುತ್ತಿದ್ದ. ಅವತ್ತು ಎದ್ದು ಅಂಗಡಿಗೆ ಹೊರಟ. ಆದರೆ ಆ ದಿನ ಅಂಗಡಿಯಲ್ಲಿ ಕೂತು, ಆಸ್ಪತ್ರೆಯ ಕಡೆ ನಡೆದು ಹೋಗುತ್ತಿದ್ದ ಬಿಳಿ ಕೋಟಿನ ಹುಡುಗ ಹುಡುಗಿಯರನ್ನು ನೋಡಿ ಅವನಿಗೆ ಕಣ್ಣು ತುಂಬಿತು. ಮೋಸ ಮಾಡಿದವರ ಮೇಲಿನ ಮಮತೆ ಅಷ್ಟು ಬೇಗ ಬಿಟ್ಟುಹೋಗುವುದಿಲ್ಲ. ಅದಕ್ಕೇ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಹಳೆಯ ಅಧ್ಯಯನದಿಂದ ಅಪ್ಪ ಮಗಳಿಬ್ಬರ ಹೆಸರೂ ತೆಗೆದು ಕೆಲವು ತಿಂಗಳಾಗಿತ್ತು. ಡಾಕ್ಟರಮ್ಮ ಕೈ ಬಿಡಲಿಲ್ಲ. ದೂರದ ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ಇದೇ ಕ್ಯಾಪ್ಸೂಲಿನ ಮುಂದಿನ ಹಂತ ಶುರುವಾಗುತ್ತದೆಂದು ತಿಳಿದು ಮಗಳಿಗೆ ಫೋನು ಮಾಡಿದರು. ಸೇರಿಸಿಕೊಳ್ಳುತ್ತಾರೆಂಬ ಭರವಸೆಯಿಲ್ಲ, ಸೇರಿಸಿಕೊಂಡರೂ ಸಿಗುವುದು ನಿಜವಾದ ಔಷಧಿಯೋ ಹೋಲಿಕೆಗೆಂದು ಕೊಡುವ ಬರೀ ಪುಡಿಯೋ ಹೇಳುವಂತಿಲ್ಲ, ಸೊಂಟದ ಕೀಲು ಆಗಲೇ ಕೆಟ್ಟಿರುವಷ್ಟು ಮತ್ತೆ ಸರಿಯಾಗುವುದಿಲ್ಲ ಎಂದು ಎಲ್ಲವನ್ನೂ ಬಿಡಿಸಿ ಹೇಳಿದರು. ಇಷ್ಟು ಬಿಡಿಸಿ ತನಗೆ ಯಾರೂ ಯಾವತ್ತೂ ಹೇಳಿರಲಿಲ್ಲ ಎಂದು ಮಗಳು ತಾಯಿಯ ಹತ್ತಿರ ಹೇಳಿಕೊಂಡಳು. ಅಪ್ಪ ಅಲ್ಲೇ ಇದ್ದ.

ಹೊರಡುವ ದಿನ ಗುಲ್ಮಣ್ಣ ಯಾರೂ ಕರೆಯದೆಯೇ ಅಂಗಿ ಹಾಕಿಕೊಂಡು ನಿಂತ. ಅವಳು ಬೇಡ ಅನ್ನಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳು, ಈ ಕಡೆ ಅವನು. ದಾರಿಯಲ್ಲಿ ಅವನು ಏನೇನೋ ಮಾತು ತೆಗೆದ, ಅವಳು ಉತ್ತರ ಕೊಟ್ಟಳು. ಆ ಆಸ್ಪತ್ರೆಯಲ್ಲಿ ಅವನನ್ನು ಬಲ್ಲವರು ಯಾರೂ ಇರಲಿಲ್ಲ. ಚೀಟಿ ತೆಗೆದುಕೊಂಡು, ಸಾಲಿನಲ್ಲಿ ನಿಂತು, ಆಮೇಲೆ ಬೆಂಚಿನ ಮೇಲೆ ಕೂತರು. ಸರದಿ ಬಂದಾಗ ಮಗಳು ಬೆಂಚಿನ ಕೈ ಹಿಡಿದು ಮೆಲ್ಲನೆ ಎದ್ದಳು. ಅವಳ ಮೊದಲ ರಕ್ತಪರೀಕ್ಷೆಯಿಂದ ಹಿಡಿದು ಒಂದು ಸಲವೂ ಅವನು ಹೊರಗೆ ಉಳಿದವನಲ್ಲ. ಅವಳ ಜೊತೆಗೇ ಎದ್ದ.

"ನೀನು ಇಲ್ಲೇ ಕೂತ್ಕೋ ಅಪ್ಪ," ಅಂದಳು ಮಗಳು.

ಬಾಗಿಲು ಮುಚ್ಚಿತು. ಅವಳು ಬಹಳ ಹೊತ್ತು ಬರಲಿಲ್ಲ. ಒಳಗೆ ಹೋದ ಬೇರೆ ರೋಗಿಗಳು ಬೇಗ ಬೇಗ ಹೊರಬರುತ್ತಿದ್ದರು, ಇವಳು ಮಾತ್ರ ಇಲ್ಲ. ಓದುತ್ತಿದ್ದಾಳೆ ಎಂದು ಅವನಿಗೆ ಹೊಳೆಯಿತು. ಪ್ರತಿ ಪುಟವನ್ನೂ ಓದುತ್ತಿದ್ದಾಳೆ. ಅವನು ನೆಲ ನೋಡುತ್ತಾ ಕೂತ.

ಕೊನೆಗೆ ಬಾಗಿಲು ತೆರೆದು ಬಂದವಳ ಕೈಯಲ್ಲಿ ರಕ್ತಪರೀಕ್ಷೆಯ ಚೀಟಿಗಳಿದ್ದವು. ಏನಾಯಿತು ಎಂದು ಅವನು ಕೇಳಿದ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ತಿಳಿಯುತ್ತದೆ, ಇವತ್ತಿಡೀ ಆಗುತ್ತದೆ ಅಂದಳು. ಚೀಟಿಗಳನ್ನು ಮಡಿಸುತ್ತಾ, ಅವನ ಮುಖ ನೋಡದೆ ಹೇಳಿದಳು:

"ಹಿಂದೆ ಯಾವುದಾದ್ರೂ ಅಧ್ಯಯನದಲ್ಲಿ ಇದ್ರಾ ಅಂತ ಕೇಳಿದ್ರು. ಇದ್ದೆ ಅಂದೆ. ಯಾಕೆ ಸೇರಿದ್ರಿ ಅಂದ್ರು. ನನಗೆ ಗೊತ್ತಿಲ್ಲ ಅಂದೆ."

ಮಗಳು ಅವನ ಕೈಯಿಂದ ನೀರಿನ ಬಾಟಲಿ ತೆಗೆದುಕೊಂಡಳು. ಮಧ್ಯಾಹ್ನದ ಬಸ್ಸಿಗೆ ನೀನು ಹೊರಟುಬಿಡು, ಅಮ್ಮ ಒಬ್ಬಳೇ ಇರುತ್ತಾಳೆ, ನಾನು ಆಮೇಲೆ ಬರ್ತೀನಿ ಅಂದಳು. ಕಾಯುತ್ತೇನೆ ಅನ್ನಬೇಕೆಂದು ಅವನಿಗೆ ಬಹಳ ಆಸೆಯಾಯಿತು. ಅದಕ್ಕೂ ಅವಳ ಒಪ್ಪಿಗೆ ಬೇಕು ಎಂದು ಈಗ ಅವನಿಗೆ ಗೊತ್ತಿತ್ತು. ಕಾಯಲಾ ಎಂದು ಕೇಳಿದ. ಬೇಡ ಅಪ್ಪ ಅಂದಳು ಮಗಳು. ಗುಲ್ಮಣ್ಣ ಆಗಲಿ ಎಂದು ತಲೆಯಾಡಿಸಿ, ಬಸ್ ನಿಲ್ದಾಣಕ್ಕೆ ದಾರಿ ಯಾವುದೆಂದು ಕಾವಲುಗಾರನನ್ನು ಕೇಳಿಕೊಂಡು ಹೊರಟ.